ಮಗ್ಗುಲು ಬದಲಿಸುವ ಕೆಲಸ

ನಾವಿಬ್ಬರು ಒಂದೇ ಊರಿನವರಲ್ಲ. ಒಬ್ಬಳ ಮನೆ ಬಂಟ್ವಾಳ ತಾಲೂಕಿನಲ್ಲಿ, ಇನ್ನೊಬ್ಬಳದು ಪುತ್ತೂರಿನ ಕಡೆ. ಮಂಗಳೂರಿನ ಒಂದು ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೆವು. ಒಂದೇ ಮುಸಲ್ಲಾದ ಮೇಲೆ ಸರದಿಯಂತೆ ನಮಾಝ್ ನಿರ್ವಹಿಸಿದೆವು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದೇ ದಿನ ಕೋಣೆ ಖಾಲಿ ಮಾಡಿದೆವು. ಇಂದು ಒಬ್ಬಳು ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ, ಇನ್ನೊಬ್ಬಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾಳೆ. ಈ ಬರಹದಲ್ಲಿ 'ನಾನು' ಎಂಬ ಪದವನ್ನು ನಾವು ಬಳಸುವುದಿಲ್ಲ. ಇಲ್ಲಿ ಹೇಳಲಿರುವ ತಪ್ಪು ಇಬ್ಬರದೂ ಹೌದು. ಯಾರ ಪಾಲು ಎಷ್ಟೆಂದು ಲೆಕ್ಕ ಹಾಕಲು ಹಲವು ಬಾರಿ ಯತ್ನಿಸಿ ಕೈಬಿಟ್ಟಿದ್ದೇವೆ.

ನರ್ಸಿಂಗ್‌ಗೆ ಸೇರುವಾಗ ನಮ್ಮ ಮನೆಗಳಲ್ಲಿ ನಡೆದ ಚರ್ಚೆಯನ್ನು ಓದುಗರು ಊಹಿಸಬಲ್ಲರು. ಬಂಧುವೊಬ್ಬರು ಉಮ್ಮನ ಎದುರೇ, "ಕಂಡವರ ಮಲಮೂತ್ರ ಎತ್ತಲಿಕ್ಕೆ ಮಗಳನ್ನು ಓದಿಸುವುದಾ?" ಎಂದು ಕೇಳಿದ್ದರು. ಉಮ್ಮ ಉತ್ತರ ಕೊಡಲಿಲ್ಲ. ಅವರಿಗೆ ಚಹಾ ಕೊಟ್ಟು ಕಳುಹಿಸಿದರು. ವರ್ಷಗಳ ನಂತರ ಆ ಬಂಧುವಿನ ತಾಯಿ ಹಾಸಿಗೆ ಹಿಡಿದಾಗ ಮೊದಲ ಫೋನ್ ಬಂದದ್ದು ನಮಗೇ. ಇದನ್ನು ಅವರನ್ನು ಚುಚ್ಚಲು ಬರೆಯುತ್ತಿಲ್ಲ. ಏಕೆಂದರೆ ಆ ಮಾತು ನಮ್ಮೊಳಗೂ ಇತ್ತು. ನಾವು ನರ್ಸಿಂಗ್ ಸೇರಿದ್ದು ಬಿಳಿ ಕೋಟಿಗೆ, ಇಂಜೆಕ್ಷನ್ನಿಗೆ, ಗಲ್ಫಿನ ಒಂದು ಕೆಲಸಕ್ಕೆ. ಬೆಡ್‌ಪ್ಯಾನಿಗಾಗಿ ಯಾರೂ ಸೇರುವುದಿಲ್ಲ.

ಮೊದಲ ವರ್ಷದಲ್ಲಿ ರೋಗಿಯ ಮೂಲಭೂತ ಆರೈಕೆಯನ್ನು ಕಲಿಸುವುದು ಪ್ರಯೋಗಾಲಯದ ಗೊಂಬೆಯ ಮೇಲೆ. ರೋಗಿ ಮಲಗಿರುವಾಗಲೇ ಹಾಸಿಗೆಯ ಚಾದರ ಬದಲಿಸುವುದು ಹೇಗೆ, ಚಾದರದ ಮೂಲೆಯನ್ನು ಸುಕ್ಕಿಲ್ಲದಂತೆ ಮಡಚುವುದು ಹೇಗೆ, ಹಾಸಿಗೆಯಲ್ಲೇ ಮೈ ಒರೆಸಿ ಸ್ನಾನ ಮಾಡಿಸುವುದು ಹೇಗೆ ಎಂಬುದೆಲ್ಲ ಅಲ್ಲಿ ಕ್ರಮವಾಗಿ ಬರುತ್ತದೆ. ಕಣ್ಣನ್ನು ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಗೆ ಒರೆಸಬೇಕು. ಒಂದು ಕಣ್ಣಿಗೆ ಬಳಸಿದ ಬಟ್ಟೆಯ ಭಾಗ ಇನ್ನೊಂದಕ್ಕೆ ತಾಗಬಾರದು. ಕೈಯನ್ನು ಮಣಿಕಟ್ಟಿನಿಂದ ಭುಜದತ್ತ ಒರೆಸಬೇಕು. ನೀರು ತಣ್ಣಗಾದರೆ ಬದಲಿಸಬೇಕು. ಒರೆಸುವ ಅಂಗವನ್ನಷ್ಟೇ ತೆರೆದು ಉಳಿದ ಮೈಯನ್ನು ಮುಚ್ಚಿರಬೇಕು. ಪ್ರಜ್ಞೆಯಿಲ್ಲದ ರೋಗಿಯ ಬಾಯಿ ಶುಚಿ ಮಾಡುವಾಗ, ನೀರು ಶ್ವಾಸನಾಳಕ್ಕೆ ಇಳಿಯದಂತೆ ತಲೆಯನ್ನು ಪಕ್ಕಕ್ಕೆ ತಿರುಗಿಸಿರಬೇಕು. ಗೊಂಬೆ ನಾಚುವುದಿಲ್ಲ, ನರಳುವುದಿಲ್ಲ, ಒದ್ದೆಯಾಗುವುದಿಲ್ಲ. ನಾವಿಬ್ಬರೂ ಒಳ್ಳೆಯ ಅಂಕ ಪಡೆದೆವು.

ಕೈ ತೊಳೆಯುವ ಪಾಠದಲ್ಲಿ ಮಾತ್ರ ನಮಗೊಂದು ಮುಖಭಂಗವಾಯಿತು. ದಿನಕ್ಕೆ ಐದು ಬಾರಿ ವುದೂ ಮಾಡುವವರಿಗೆ ಕೈ ತೊಳೆಯುವುದನ್ನು ಯಾರು ಕಲಿಸಬೇಕು ಎಂಬ ಸಣ್ಣ ಗರ್ವ ನಮಗಿತ್ತು. ಮೇಡಂ ಕೈಗೆ ಬಣ್ಣ ಸವರಿ, ಕಣ್ಣುಮುಚ್ಚಿಕೊಂಡು ಸೋಪು ಹಚ್ಚಿ ತೊಳೆಯಲು ಹೇಳಿದರು. ಕಣ್ಣು ತೆರೆದು ನೋಡಿದರೆ ಬೆರಳ ತುದಿಗಳಲ್ಲಿ, ಹೆಬ್ಬೆರಳ ಹಿಂಬದಿಯಲ್ಲಿ ಬಣ್ಣ ಹಾಗೆಯೇ ಉಳಿದಿತ್ತು. ಬೆರಳುಗಳ ಸಂದಿಗೆ ನೀರು ಮುಟ್ಟಿಸುವ ಖಿಲಾಲನ್ನು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟಿದ್ದರು. ಅವಸರದಲ್ಲಿ ಅದನ್ನು ಎಂದೋ ಬಿಟ್ಟುಬಿಟ್ಟಿದ್ದೆವು.

ವಾರ್ಡಿಗೆ ಕಾಲಿಟ್ಟ ದಿನ ನಮ್ಮ ಅಂಕಗಳು ಯಾವ ಪ್ರಯೋಜನಕ್ಕೂ ಬರಲಿಲ್ಲ. ನಮ್ಮ ಅಜ್ಜಿಯ ವಯಸ್ಸಿನ ಹೆಂಗಸೊಬ್ಬರ ಮೈ ಒರೆಸಬೇಕಾಗಿತ್ತು. ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಎಂದು ತಿಳಿಯದೆ ಪರದೆಯ ಕಡೆ ನೋಡುತ್ತ ಒರೆಸಿದೆವು. ನೀರು ಚಾದರದ ಮೇಲೆ ಚೆಲ್ಲಿತು. ನಮ್ಮನ್ನು ಆ ಸಂಕಟದಿಂದ ಪಾರು ಮಾಡಿದವರು ಆ ವಾರ್ಡಿನ ಆಯಾ. ಅವರು ಯಾವ ಕಾಲೇಜಿಗೂ ಹೋದವರಲ್ಲ. ಪರದೆ ಎಳೆದರು, ರೋಗಿಯ ಎದೆಯ ಮೇಲೆ ಒಂದು ಒಣ ಬೈರಾಸು ಹೊದಿಸಿದರು, ಊರಿನ ಮಳೆಯ ವಿಷಯ ಮಾತಿಗೆ ತೆಗೆದರು, ಆ ಮಾತಿನ ನಡುವೆಯೇ ಬೈರಾಸಿನ ಅಡಿಯಿಂದ ಮೈ ಒರೆಸಿ ಮುಗಿಸಿದರು. ಔರತ್ ಮರೆಸುವುದೆಂದರೇನೆಂಬುದನ್ನು ನಾವು ಕಿತಾಬುಗಳಲ್ಲಿ ಓದಿದ್ದೆವು. ಇನ್ನೊಬ್ಬರ ಔರತ್ತನ್ನು ಅವರಿಗೇ ಮುಜುಗರವಾಗದಂತೆ ಕಾಪಾಡುವುದನ್ನು ಕಣ್ಣಾರೆ ಕಂಡದ್ದು ಅಂದೇ. ಹತ್ತು ನಿಮಿಷದ ಕೆಲಸವದು. ನಮಗೆ ಅದನ್ನು ಕಲಿಯಲು ಎರಡು ತಿಂಗಳು ಬೇಕಾಯಿತು.

ಎರಡನೆಯ ವರ್ಷಕ್ಕೆ ಬಂದಾಗ ನಾಚಿಕೆ ಹೋಗಿ ಅದರ ಜಾಗದಲ್ಲಿ ತಾತ್ಸಾರ ಬಂದು ಕುಳಿತಿತ್ತು. ಹೆಚ್ಚಿನ ನರ್ಸಿಂಗ್ ವಿದ್ಯಾರ್ಥಿಗಳು ಹಾದುಹೋಗುವ ದಾರಿಯಿದು ಎಂದು ಇಂದು ಪಾಠ ಹೇಳುವಾಗ ನಮಗೆ ಅನಿಸುತ್ತದೆ. ಲಾಗ್‌ಬುಕ್ಕಿನಲ್ಲಿ ಇಷ್ಟು ಇಂಜೆಕ್ಷನ್, ಇಷ್ಟು ಡ್ರೆಸ್ಸಿಂಗ್, ಇಷ್ಟು ಮೂತ್ರನಳಿಕೆ ಎಂದು ಸಹಿ ಹಾಕಿಸಿಕೊಳ್ಳಬೇಕು. ಇವಕ್ಕಾಗಿ ಸಹಪಾಠಿಗಳ ನಡುವೆ ಪೈಪೋಟಿಯೇ ನಡೆಯುತ್ತದೆ. ತಲೆ ಬಾಚುವುದಕ್ಕೆ, ಉಗುರು ಕತ್ತರಿಸುವುದಕ್ಕೆ, ಗಂಜಿ ಕುಡಿಸುವುದಕ್ಕೆ ಪೈಪೋಟಿಯಿಲ್ಲ. ಅವು ಆಯಾನ ಕೆಲಸ, ಇಲ್ಲವೇ ಬೈಸ್ಟ್ಯಾಂಡರನ ಕೆಲಸ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕೆಂಬ ಪದ್ಧತಿಯಿದೆ. ಆ ಮನೆಯವರು ಆರೈಕೆಯ ಭಾರವನ್ನೆಲ್ಲ ಹೊರುತ್ತಾರೆ, ಆದರೆ ಅದನ್ನು ಹೇಗೆ ಮಾಡಬೇಕೆಂದು ಅವರಿಗೆ ಹೇಳಿಕೊಡುವವರು ವಿರಳ. 'ಬೇಸಿಕ್' ಎಂಬ ಪದವನ್ನು ನಾವು 'ಕೆಳಗಿನದು' ಎಂದು ಓದಿಕೊಂಡೆವು. ಮನೆಗೆ ತಳಪಾಯವೂ ಕೆಳಗೇ ಇರುತ್ತದೆ ಎಂದು ನಮಗೆ ಹೊಳೆಯಲಿಲ್ಲ.

ನಮ್ಮ ಪಠ್ಯದಲ್ಲಿ ವರ್ಜೀನಿಯಾ ಹೆಂಡರ್ಸನ್ ಎಂಬ ಅಮೆರಿಕದ ನರ್ಸ್ ಗುರುತಿಸಿದ ಮನುಷ್ಯನ 14 ಅಗತ್ಯಗಳ ಪಾಠವಿತ್ತು. ಉಸಿರಾಟ, ಅನ್ನಪಾನ, ವಿಸರ್ಜನೆ, ಚಲನೆ, ನಿದ್ದೆ ಎಂದು ಅದು ಸಾಗುತ್ತದೆ. ಹನ್ನೊಂದನೆಯದು ತನ್ನ ವಿಶ್ವಾಸದಂತೆ ಆರಾಧನೆ ಮಾಡುವುದು. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದ ನಮಗೆ ವಾರ್ಡಿನಲ್ಲಿ ಒಬ್ಬ ತಾಯಿ ಸಿಕ್ಕರು. ಮೂತ್ರದ ಕೊಳವೆ ಹಾಕಿದ ದಿನದಿಂದ ಅವರು ನಮಾಝ್ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ತಾನು ಅಶುದ್ಧಳೆಂಬುದು ಅವರ ದುಃಖ. ಉಝ್ರ್ ಇರುವವರಿಗೆ ಶರೀಅತ್‌ನಲ್ಲಿ ರಿಯಾಯಿತಿಯಿದೆ, ನೀರು ಬಳಸಲಾಗದವರಿಗೆ ತಯಮ್ಮುಮ್ ಇದೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ)ಯವರು, ನಿಂತು ಸಾಧ್ಯವಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಲು ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ನಾವು ಮುಫ್ತಿಗಳಲ್ಲ. ಅವರ ಮಗನಿಗೆ ಹೇಳಿ ಊರಿನ ಖತೀಬರಿಗೆ ಫೋನ್ ಮಾಡಿಸಿದೆವು. ಖತೀಬರು ಐದು ನಿಮಿಷ ಮಾತನಾಡಿದರು. ಅಂದಿನ ಅಸ್ರ್‌ಗೆ ನಾವು ಮಾಡಿದ ಕೆಲಸ, ಕಿಬ್ಲಾ ಯಾವ ಕಡೆಯೆಂದು ನೋಡಿ ಮಂಚ ತಿರುಗಿಸಿದ್ದು ಮಾತ್ರ. ಲಾಗ್‌ಬುಕ್ಕಿನಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ನಮ್ಮ ಸಮುದಾಯದ ವೇದಿಕೆಗಳಲ್ಲಿ ಇತಿಹಾಸದ ಹೆಮ್ಮೆಗೆ ಕೊರತೆಯಿಲ್ಲ. ಖಂದಕ್ ಯುದ್ಧದಲ್ಲಿ ಬಾಣ ತಾಗಿದ ಸಅದ್ ಬಿನ್ ಮುಆದ್(ರ) ಅವರನ್ನು ಮದೀನಾದ ಮಸೀದಿಯ ಬಳಿಯ ರುಫೈದಾ ಅಲ್ ಅಸ್ಲಮಿಯ್ಯಾ(ರ) ಅವರ ಡೇರೆಗೆ ಶುಶ್ರೂಷೆಗಾಗಿ ಕಳುಹಿಸಲಾಗಿತ್ತು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ವಿಭಾಗಗಳಿದ್ದುದನ್ನೂ ಕೇಳುತ್ತೇವೆ. ಅದೇ ಸಭೆ ಮುಗಿದ ಬಳಿಕ ಮಗಳಿಗೆ ನರ್ಸಿಂಗ್ ಬೇಡ ಎನ್ನುವವರನ್ನೂ ಕಂಡಿದ್ದೇವೆ. ರುಫೈದಾ(ರ) ಆ ಡೇರೆಯಲ್ಲಿ ಗಾಯ ತೊಳೆದಿರಬೇಕು, ರಕ್ತದ ಬಟ್ಟೆ ಒಗೆದಿರಬೇಕು ಎಂಬುದನ್ನು ನಮ್ಮ ಹೆಮ್ಮೆ ಮರೆತುಬಿಡುತ್ತದೆ.

ಇನ್ನು ಆ ರಾತ್ರಿಯ ವಿಷಯ. ಅದಕ್ಕೆ ಮುಂಚೆ ಹಾಸಿಗೆ ಹುಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕಾಗಿದೆ. ವೃದ್ಧರಿರುವ ಮನೆಗಳಿಗೆ ಇದರ ಅಗತ್ಯವೂ ಇದೆ. ತಾನಾಗಿ ಹೊರಳಲಾರದ ವ್ಯಕ್ತಿ ಒಂದೇ ಭಂಗಿಯಲ್ಲಿ ಮಲಗಿದ್ದರೆ ಎಲುಬು ಮತ್ತು ಹಾಸಿಗೆಯ ನಡುವೆ ಸಿಲುಕಿದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಅಂಗಾತ ಮಲಗಿದವರಿಗೆ ತಲೆಯ ಹಿಂಭಾಗ, ಹೆಗಲ ಮೂಳೆ, ಮೊಣಕೈ, ಬೆನ್ನಿನ ತಳದ ಮೂಳೆ, ಹಿಮ್ಮಡಿ. ಮಗ್ಗುಲಾಗಿ ಮಲಗಿದವರಿಗೆ ಕಿವಿ, ಸೊಂಟದ ಪಕ್ಕ, ಕಾಲಿನ ಹರಡು. ಒದ್ದೆಯಿದ್ದರೆ ಚರ್ಮ ಇನ್ನೂ ಬೇಗ ಸೋಲುತ್ತದೆ. ಮೊದಲ ಗುರುತು, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ನಮ್ಮವರ ಕಂದು ಮೈಬಣ್ಣದಲ್ಲಿ ಆ ಕೆಂಪು ಕಾಣದೆಯೂ ಹೋಗಬಹುದು. ಆಗ ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಗಾಢವಾಗಿದೆಯೇ ಎಂದು ಮುಟ್ಟಿ ನೋಡಬೇಕು. ಹಿಂದೆ ಸ್ಪಿರಿಟ್, ಪೌಡರ್ ಹಚ್ಚಿ ಅಲ್ಲಿ ಚೆನ್ನಾಗಿ ತಿಕ್ಕುವ ರೂಢಿಯಿತ್ತು. ಕೆಂಪಾದ ಎಲುಬಿನ ಜಾಗವನ್ನು ತಿಕ್ಕಬಾರದೆಂದೇ ಈಗ ಕಲಿಸುತ್ತಾರೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಅಡಿಗೆ ದಿಂಬು ಇಡುವುದು, ಚಾದರ ಒಣಗಿರುವಂತೆ ನೋಡಿಕೊಳ್ಳುವುದು, ಹೊಟ್ಟೆಗೆ ಸಾಕಷ್ಟು ಕೊಡುವುದು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಗೆ ಹಾಸಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ಕಾಯಿಲೆಯ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬ ಅಭಿಪ್ರಾಯವನ್ನು ಬರೆದಿದ್ದಾರೆ. ಇದೂ ನಮಗೆ ಬಾಯಿಪಾಠವಾಗಿತ್ತು.

ಆ ಅಜ್ಜಿ ಬೆಳ್ತಂಗಡಿ ಕಡೆಯವರು. ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ನಾವು ಹತ್ತಿರ ಹೋದಾಗಲೆಲ್ಲ "ಎಂತ ಮಗಾ, ಊಟ ಆಯ್ತಾ?" ಎನ್ನುತ್ತಿದ್ದರು. ಜೊತೆಗಿದ್ದವಳು ಸೊಸೆ. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ಆ ಮಂಗಳವಾರ ಮಗುವಿಗೆ ಜ್ವರವೆಂದು ಒಂದು ರಾತ್ರಿಯ ಮಟ್ಟಿಗೆ ಮನೆಗೆ ಹೋಗಿದ್ದಳು. ಹೋಗುವಾಗ, "ಅತ್ತೆಯನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ನಮಗೇ ಹೇಳಿ ಹೋಗಿದ್ದಳು.

ನಮಗೆ ಅಂದು ರಾತ್ರಿಪಾಳಿ. ಮೂವತ್ತಕ್ಕೂ ಹೆಚ್ಚು ರೋಗಿಗಳಿದ್ದ ವಾರ್ಡಿಗೆ ಒಬ್ಬರೇ ಸ್ಟಾಫ್ ನರ್ಸ್, ಜೊತೆಗೆ ನಾವಿಬ್ಬರು. ಹತ್ತು ಗಂಟೆಗೆ ಅಜ್ಜಿಯನ್ನು ಬಲಮಗ್ಗುಲಿಗೆ ಹೊರಳಿಸಿದೆವು, ಹನ್ನೆರಡಕ್ಕೆ ಅಂಗಾತ ಮಲಗಿಸಿದೆವು, ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಸಹಿ ಮಾಡಿದೆವು. ಒಂದು ಗಂಟೆಯ ಹೊತ್ತಿಗೆ ಉಸಿರಾಟದ ತೊಂದರೆಯಿಂದ ಒಬ್ಬ ಯುವತಿಯನ್ನು ತಂದರು. ಡಾಕ್ಟರುಗಳು ಓಡಿಬಂದರು. ಗಂಟಲಿಗೆ ಕೊಳವೆ ಇಳಿಸುವುದನ್ನು ನಾವು ಅದುವರೆಗೆ ಪುಸ್ತಕದಲ್ಲಿ ಮಾತ್ರ ನೋಡಿದ್ದೆವು. ಸ್ಟಾಫ್ ನರ್ಸ್ ನಮ್ಮನ್ನು ಕರೆದಿರಲಿಲ್ಲ. ಉಳಿದ ಹಾಸಿಗೆಗಳನ್ನು ನೋಡಿಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿದ್ದರು. ನಾವು ಆ ಮಂಚದ ಸುತ್ತಲಿನ ಗುಂಪಿನ ಹಿಂದೆ ನಿಂತು ನೋಡಿದೆವು. ಆ ಯುವತಿಯನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸುವಾಗ ಜೊತೆಗೆ ನಡೆದೆವು. ಮರಳಿ ಬಂದು ಕಂಡದ್ದನ್ನೆಲ್ಲ ಮೆಲುದನಿಯಲ್ಲಿ ಮಾತನಾಡಿಕೊಂಡು ಕುಳಿತೆವು. ನಿಜ ಹೇಳಬೇಕೆಂದರೆ ಅಂದು ನಮಗೆ ಬಹಳ ಸಂತೋಷವಾಗಿತ್ತು.

ಐದೂವರೆಗೆ ಚಾರ್ಟ್ ನೆನಪಾಯಿತು. ಎರಡು ಗಂಟೆಯ ಸಾಲು ಖಾಲಿ, ನಾಲ್ಕು ಗಂಟೆಯದೂ ಖಾಲಿ. ಒಬ್ಬಳು ಪೆನ್ನು ಕೊಟ್ಟಳು, ಇನ್ನೊಬ್ಬಳು ಬರೆದಳು: ಎರಡಕ್ಕೆ ಎಡಮಗ್ಗುಲು, ನಾಲ್ಕಕ್ಕೆ ಬಲಮಗ್ಗುಲು. ಬಳಿಕ ಫಜ್ರ್ ನಮಾಝ್ ಮಾಡಲು ಹೋದೆವು.

ಬೆಳಗಿನ ಪಾಳಿಯ ಹಿರಿಯ ಸಿಸ್ಟರ್ ಅಜ್ಜಿಯನ್ನು ಹೊರಳಿಸಿದಾಗ ಚಾದರ ಒದ್ದೆಯಾಗಿತ್ತು. ಬೆನ್ನಿನ ತಳದಲ್ಲಿ ಅಂಗೈಯಗಲ ಕೆಂಪು. ಅವರು ಬೆರಳಿನಿಂದ ಒತ್ತಿದರು. ಬಣ್ಣ ಬದಲಾಗಲಿಲ್ಲ. ಚಾರ್ಟ್ ತೆಗೆದು ಓದಿದರು. ರಾತ್ರಿಯ ಅರ್ಧಭಾಗ ಮಗ್ಗುಲಲ್ಲಿ ಮಲಗಿದವರಿಗೆ ಸೊಂಟದ ಪಕ್ಕ ಕೆಂಪಾಗಬೇಕಿತ್ತು, ಬೆನ್ನು ಏಕೆ ಕೆಂಪಾಯಿತು ಎಂದು ಕೇಳಿದರು. ನಾವು ಹೊರಳಿಸಿದ್ದೇವೆ ಎಂದೆವು. ಅವರು ಮತ್ತೆ ಕೇಳಲಿಲ್ಲ. ಗುರುವಾರ ಅಲ್ಲೊಂದು ನೀರುಗುಳ್ಳೆ ಎದ್ದಿತು. ಶುಕ್ರವಾರ ಚರ್ಮ ಕಿತ್ತುಬಂತು.

ಶುಕ್ರವಾರಗಳಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ಸೂರಃ ಅಲ್ ಕಹ್ಫ್ ಓದುವುದು ನಮ್ಮ ವಾಡಿಕೆಯಾಗಿತ್ತು. ಗುಹೆಯಲ್ಲಿ ವರ್ಷಗಟ್ಟಲೆ ನಿದ್ರಿಸಿದ ಆ ಯುವಕರನ್ನು ಅಲ್ಲಾಹನು ಬಲಕ್ಕೂ ಎಡಕ್ಕೂ ಹೊರಳಿಸುತ್ತಿದ್ದುದರ ಪ್ರಸ್ತಾಪ ಹದಿನೆಂಟನೆಯ ವಚನದಲ್ಲಿದೆ. ಹಾಗೆ ಹೊರಳಿಸದಿದ್ದರೆ ಮಣ್ಣು ಅವರ ದೇಹಗಳನ್ನು ತಿಂದುಬಿಡುತ್ತಿತ್ತು ಎಂಬ ಇಬ್ನು ಅಬ್ಬಾಸ್(ರ) ಅವರ ವಿವರಣೆಯನ್ನು ತಫ್ಸೀರ್ ಗ್ರಂಥಗಳು ಉಲ್ಲೇಖಿಸುತ್ತವೆ. ಆಧುನಿಕ ವೈದ್ಯಶಾಸ್ತ್ರವನ್ನೆಲ್ಲ ಕುರ್‌ಆನಿನೊಳಗೆ ಹುಡುಕಿ ತೋರಿಸುವವರ ಉತ್ಸಾಹ ನಮಗೆ ಅಷ್ಟಾಗಿ ರುಚಿಸುವುದಿಲ್ಲ. ಅದು ಮಾರ್ಗದರ್ಶನದ ಗ್ರಂಥ, ನರ್ಸಿಂಗ್ ಪಠ್ಯವಲ್ಲ. ಆದರೆ ಅಂದು ಆ ವಚನ ಬಂದಾಗ ಓದುತ್ತಿದ್ದವಳ ಸ್ವರ ನಿಂತಿತು. ಕೇಳುತ್ತಿದ್ದವಳೂ ತಲೆಯೆತ್ತಲಿಲ್ಲ. ಜಗದೊಡೆಯನು ತಾನೇ ಮಾಡಿದೆನೆಂದು ಹೇಳಿಕೊಂಡ ಕೆಲಸವನ್ನು ನಾವು ಆಯಾನ ಕೆಲಸವೆಂದು ಬಿಟ್ಟಿದ್ದೆವು. ಬಿಟ್ಟು, ಮಾಡಿದೆವೆಂದು ಬರೆದಿದ್ದೆವು. ಸೂರಃ ಪೂರ್ತಿಯಾಗಲಿಲ್ಲ.

ಸಂಜೆ ಮೇಡಂ ಬಳಿ ಹೋಗಿ ಎಲ್ಲವನ್ನೂ ಹೇಳಿದೆವು. ಕಾಲೇಜಿನಿಂದ ತೆಗೆದುಹಾಕುತ್ತಾರೆಂಬ ಭಯವಿತ್ತು. ಸಾಲ ಮಾಡಿ ಫೀಸು ಕಟ್ಟಿದ ಉಪ್ಪನ ಮುಖ ಕಣ್ಣೆದುರಿತ್ತು. ಮೇಡಂ ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಮ್ಮನ್ನು ವಾರ್ಡಿಗೆ ಕರೆದೊಯ್ದು ಚಾರ್ಟ್ ತರಿಸಿದರು. ಸುಳ್ಳು ಬರೆದ ಸಾಲುಗಳನ್ನು ಅಳಿಸಬಾರದು, ಅವು ಓದಲು ಬರುವಂತೆಯೇ ಮೇಲೊಂದು ಗೆರೆ ಎಳೆದು, 'ಹೊರಳಿಸಿಲ್ಲ' ಎಂದು ಬರೆದು, ಅಂದಿನ ದಿನಾಂಕ, ಸಮಯ ಹಾಕಿ ಸಹಿ ಮಾಡಬೇಕು ಎಂದರು. ನಮ್ಮ ಕೈ ನಡುಗುತ್ತಿತ್ತು. ಹಿರಿಯ ಸಿಸ್ಟರ್ ಪಕ್ಕದಲ್ಲೇ ನಿಂತು ಔಷಧದ ಟ್ರೇ ಜೋಡಿಸುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ಮುಂದೆ ಎರಡು ವಾರ ನಮ್ಮನ್ನು ರಾತ್ರಿಪಾಳಿಯಿಂದ ತೆಗೆದು, ಬೆಳಗಿನ ಹೊತ್ತು ಆಯಾನ ಜೊತೆಗೆ ಹಾಕಿದರು. ಉಪ್ಪನಿಗೆ ಪತ್ರ ಹೋಯಿತು.

ದಾಸರ ಹಕ್ಕಿಗೆ ಚ್ಯುತಿ ತಂದವರು ಅಲ್ಲಾಹನಲ್ಲಿ ಎಷ್ಟು ತೌಬಾ ಮಾಡಿದರೂ, ಹಕ್ಕುದಾರನಿಂದ ಕ್ಷಮೆ ಪಡೆಯುವ ಹೊಣೆ ಉಳಿಯುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ಮೊದಲು ಸೊಸೆಗೆ ಹೇಳಿದೆವು. ಅವಳು ಬಹಳ ಹೊತ್ತು ಏನೂ ಹೇಳದೆ, "ನಾನು ಹೋಗಬಾರದಿತ್ತು" ಎಂದಷ್ಟೇ ಅಂದಳು. ಆ ಮಾತಿಗೆ ಉತ್ತರ ನಮ್ಮಲ್ಲಿ ಇಂದಿಗೂ ಇಲ್ಲ. ಅಜ್ಜಿಯ ಮಂಚದ ಬಳಿ ಹೋಗಿ, ಆ ರಾತ್ರಿ ನಿಮ್ಮನ್ನು ಹೊರಳಿಸಲಿಲ್ಲ, ಸುಳ್ಳು ಬರೆದೆವು, ಗಾಯ ನಮ್ಮಿಂದಾಯಿತು ಎಂದೆವು. ಅಜ್ಜಿ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು.

"ರಾತ್ರಿ ನಾನು ಕರೆದೆ ಮಗಾ. ಎರಡು ಸಲ ಕರೆದೆ. ಒಂದಕ್ಕೆ ಬಂದಿತ್ತು."

ನಾವು ತಲೆತಗ್ಗಿಸಿ ನಿಂತೆವು. ಆಮೇಲೆ ಅವರು ಬಲಗೈಯಿಂದ ತಲೆ ಮುಟ್ಟಿಕೊಂಡು, ತುರಿಸುತ್ತದೆ, ಸ್ವಲ್ಪ ಬಾಚಿಕೊಡಿ ಎಂದರು. ಎಣ್ಣೆ ತಂದು ಸಿಕ್ಕು ಬಿಡಿಸಿ ಬಾಚಿದೆವು. ಮಾಫ್ ಮಾಡಿದೆನೆಂದು ಅವರು ಹೇಳಲಿಲ್ಲ. ಆ ಎರಡು ವಾರವೂ ಹತ್ತಿರ ಹೋದಾಗಲೆಲ್ಲ ಮೊದಲಿನಂತೆಯೇ ಊಟ ಆಯ್ತಾ ಎಂದು ಕೇಳುತ್ತಿದ್ದರು.

ರೋಗಿಯನ್ನು ಸಂದರ್ಶಿಸದವನನ್ನು ಅಲ್ಲಾಹನು ಪುನರುತ್ಥಾನದ ದಿನ, ತಾನು ರೋಗಿಯಾಗಿದ್ದಾಗ ಏಕೆ ಬರಲಿಲ್ಲವೆಂದು ವಿಚಾರಿಸುವ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮವರು ಸಂದರ್ಶನದಲ್ಲಿ ಹಿಂದೆ ಬೀಳುವವರಲ್ಲ. ಸೇಬು, ಮುಸಂಬಿ, ಬ್ರೆಡ್ಡಿನ ಕಟ್ಟು ಹಿಡಿದು ಹತ್ತು ಜನ ಒಟ್ಟಿಗೆ ಬಂದು ಮಂಚದ ಸುತ್ತ ನಿಲ್ಲುತ್ತಾರೆ. ದುಆ ಮಾಡುತ್ತಾರೆ, ತಮಗೆ ಗೊತ್ತಿರುವ ಅದೇ ಕಾಯಿಲೆಯ ಸಾವುಗಳನ್ನು ಹೇಳುತ್ತಾರೆ, ಹೋಗುತ್ತಾರೆ. ವಾರದಿಂದ ನಿದ್ದೆಗೆಟ್ಟ ಸೊಸೆಗೋ ಮಗಳಿಗೋ, ನೀನು ಎರಡು ಗಂಟೆ ಮಲಗು, ನಾನು ನೋಡಿಕೊಳ್ಳುತ್ತೇನೆ ಎನ್ನುವವರು ಆ ಹತ್ತರಲ್ಲಿ ಒಬ್ಬರಿದ್ದರೂ ಸಾಕು. ಮನೆಯ ಗಂಡುಮಕ್ಕಳು ಬಾಪನ ಮೈ ಒರೆಸುವುದನ್ನು ನಾವು ವಾರ್ಡಿನಲ್ಲಿ ಕಂಡದ್ದು ಕಡಿಮೆ. ಕಂಡ ಕೆಲವರ ಕೈ ನಮ್ಮ ಕೈಗಿಂತ ಮೃದುವಾಗಿತ್ತು.

ಅಜ್ಜಿಯನ್ನು ಮನೆಗೆ ಕಳುಹಿಸುವಾಗ ಗಾಯ ಪೂರ್ತಿ ಮಾಗಿರಲಿಲ್ಲ. ಸೊಸೆಗೆ ಹೊರಳಿಸುವ ಕ್ರಮ ಹೇಳಿಕೊಡುವ ಕೆಲಸವನ್ನು ಮೇಡಂ ನಮಗೇ ವಹಿಸಿದರು. ಚಾದರವನ್ನು ಮಡಚಿ ಸೊಂಟದ ಅಡಿಗೆ ಹಾಕಿ, ಎಳೆಯದೆ ಎತ್ತಿ ಸರಿಸಬೇಕು, ಎಳೆದರೆ ಚರ್ಮ ಉಜ್ಜಿಹೋಗುತ್ತದೆ ಎಂದು ತೋರಿಸಿದೆವು. ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ದಿಂಬು. ಅವಳು ಒಂದೇ ಸಲಕ್ಕೆ ಕಲಿತಳು. ಮಾಡಿ ತೋರಿಸಿದಾಗ ಅಜ್ಜಿ ನರಳಲಿಲ್ಲ. ಹೊತ್ತು ಬರೆದಿಡಲು ಒಂದು ಕಾಗದಕ್ಕೆ ಗೆರೆ ಹಾಕಿ ಕೊಟ್ಟೆವು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇದೆಲ್ಲ ಬರೆಯಲಿಕ್ಕೆ ನನಗೆ ಪುರುಸೊತ್ತಿಲ್ಲ ಸಿಸ್ಟರ್. ಇನ್ನೂರು ಬೀಡಿ ಆಗುವಾಗ ಎರಡು ಗಂಟೆ ಆಗ್ತದೆ. ಇನ್ನೂರು ಆದ ಕೂಡಲೇ ಏಳ್ತೇನೆ."

ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದೆವು.

"ರಾತ್ರಿ ಅತ್ತೆಯೇ ಕರೀತಾರಲ್ಲ" ಎಂದಳು.